ಎಂಟನೆಯ ನಕಲಿ

ನಮ್ಮ ಕಚೇರಿಯಲ್ಲಿ ಅವರನ್ನು ಎದುರಿಗೆ ಮೇಡಂ ಎನ್ನುತ್ತಿದ್ದೆವು, ಬೆನ್ನ ಹಿಂದೆ ಅನುಮಾನದಮ್ಮ. ಇಪ್ಪತ್ತಾರು ವರ್ಷ ಒಂದೇ ಕುರ್ಚಿಯಲ್ಲಿ ಕೂತವರು. ಬೀರುವಿಗೆ ಬೀಗ ಹಾಕಿ, ಮೂರು ಸಲ ಎಳೆದು ನೋಡಿ, ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ನಾಲ್ಕನೆಯ ಸಲ ಎಳೆಯುತ್ತಿದ್ದರು. "ಈಗ ಮಾಡಿದ್ದೋ, ಮತ್ತೆ ಬಿಸಿ ಮಾಡಿದ್ದೋ?" ಎಂದು ಕೇಳದೆ ಟೀ ಲೋಟ ಮುಟ್ಟಿದವರಲ್ಲ. ಕನ್ನಡಕದ ಅಂಗಡಿ ಇಟ್ಟಿದ್ದ ಅವರ ಯಜಮಾನರು ಒಮ್ಮೆ ಬಂದಾಗ ನಗುತ್ತ ಹೇಳಿದ್ದರು: "ಮದುವೆಗೆ ಮುಂಚೆ ನನ್ನ ಹೆಸರು ಎರಡು ಸಲ ಕೇಳಿದ್ಲಮ್ಮ. ಎರಡು ಸಲಾನೂ ಒಂದೇ ಹೇಳ್ತೀನಾ ಅಂತ ನೋಡೋಕೆ!"

ನಮ್ಮ ಕೆಲಸ ಜನರ ಎಂಜಲಿನಿಂದ ಅವರ ವಂಶದ ಜಾಡು ಹಿಡಿಯುವುದು. ಕೇಳಿದವರು ಮೂಗು ಮುರಿಯುತ್ತಾರೆ, ಮುರಿಯಲಿ. ಪ್ರತಿಯೊಬ್ಬರಲ್ಲೂ ವಂಶವಾಹಿಯ ಎಳೆಗಳು ಜೋಡಿ ಜೋಡಿ: ಒಂದು ಅಪ್ಪನದು, ಒಂದು ಅಮ್ಮನದು. ಮಗುವಿಗೆ ಕೊಡುವಾಗ ದೇಹ ಆ ಎರಡನ್ನೂ ಅಲ್ಲಲ್ಲಿ ಕತ್ತರಿಸಿ, ಅದಲು ಬದಲು ಜೋಡಿಸಿ, ಒಂದೇ ಎಳೆ ಮಾಡಿ ಕೊಡುತ್ತದೆ. ಪ್ರತಿ ತಲೆಮಾರಿನಲ್ಲೂ ಈ ಕತ್ತರಿ ಆಡುವುದರಿಂದ ಹಿರಿಯರ ತುಂಡುಗಳು ಚಿಕ್ಕದಾಗುತ್ತ ಹೋಗುತ್ತವೆ. ಇಬ್ಬರಲ್ಲಿ ಒಂದೇ ಥರದ ಉದ್ದುದ್ದ ತುಂಡು ಕಂಡರೆ ಹತ್ತಿರದ ರಕ್ತ. ಬರೀ ಚೂರುಪಾರು ಕಂಡರೆ ಮುತ್ತಜ್ಜಿಯ ಮುತ್ತಜ್ಜಿಯ ಕಾಲದ ನಂಟು. ಕತ್ತರಿ ಬಿದ್ದ ಜಾಗಗಳನ್ನು ಒಂದೊಂದಾಗಿ ಹಿಂದಕ್ಕೆ ಕೂಡಿಸಿಕೊಂಡು ಹೋಗಿ, ಯಾವ ತುಂಡು ಯಾವ ಹಿರಿಯರಿಂದ ಬಂತೆಂದು ಹೇಳುವ ಪ್ರೋಗ್ರಾಂ ನಮ್ಮದು. ಅದರಲ್ಲಿ ಅರ್ಧ ಬರೆದವಳು ನಾನು. ಆ ಜಂಭ ನನಗಿತ್ತು, ಸುಳ್ಳೇಕೆ ಹೇಳಲಿ.

ಅನುಮಾನದಮ್ಮನಿಗೆ ಪ್ರೋಗ್ರಾಮಿನ ಮೇಲೂ ನಂಬಿಕೆಯಿರಲಿಲ್ಲ, ನನ್ನ ಮೇಲೂ ಇರಲಿಲ್ಲ. ಅದಕ್ಕೆ ಕಂಪ್ಯೂಟರಿನಲ್ಲೇ ಸುಳ್ಳು ಸಂಸಾರಗಳನ್ನು ಹುಟ್ಟಿಸುತ್ತಿದ್ದರು. ಅಜ್ಜಿ ಯಾರು, ಮೊಮ್ಮಗಳು ಯಾರು, ಎಳೆಗೆ ಎಲ್ಲೆಲ್ಲಿ ಕತ್ತರಿ ಬಿತ್ತು, ಎಲ್ಲ ಅವರೇ ಕಟ್ಟಿದ್ದು. ಸರಿ ಉತ್ತರ ಅವರಿಗೆ ಮೊದಲೇ ಗೊತ್ತು. ನಮ್ಮ ಮೇಜಿಗೆ ನಿಜವಾದ ಜನರೂ ಬರೀ ನಂಬರಾಗಿ ಬರುತ್ತಿದ್ದರಲ್ಲ, ಆ ರಾಶಿಯಲ್ಲಿ ಇವರ ನಕಲಿಗಳೂ ಸದ್ದಿಲ್ಲದೆ ಸೇರುತ್ತಿದ್ದವು. ಪ್ರೋಗ್ರಾಂ ತಪ್ಪು ಹೇಳಿತೋ, ಸೋಮವಾರ ಎಲ್ಲರೆದುರು ಓದುತ್ತಿದ್ದರು. "ನೋಡಿ, ನಮ್ಮ ಬುದ್ಧಿವಂತೆ ಮೊಮ್ಮಗಳನ್ನ ಅಜ್ಜಿಗೆ ತಂಗಿ ಮಾಡಿದ್ದಾಳೆ!" ಮೂರು ಸಲ ಹೀಗೆ ಮಾನ ಹೋಯಿತು. ನನಗೂ ರೋಷ ಬಂತು.

ಆಮೇಲೆ ನಾನೂ ನಂಬರುಗಳನ್ನು ಮೂಸಿ ನೋಡಲು ಕಲಿತೆ. ನಿಜವಾದ ಎಂಜಲಿನಲ್ಲಿ ಗಲೀಜು ಜಾಸ್ತಿ, ಓದಲು ಬಾರದ ಜಾಗ ಬೇಕಾದಷ್ಟು. ಮೇಡಂ ಹುಟ್ಟಿಸಿದವರು ಮಾತ್ರ ಒಗೆದು ಒಣಗಿಸಿದ ಹಾಗೆ ಚೊಕ್ಕ. ಅಂಥದ್ದು ಸಿಕ್ಕಿದರೆ 'ಸಂಬಂಧ ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿ, ಪಕ್ಕದಲ್ಲಿ 'ನಕಲಿ' ಎಂದು ಗೀಚುತ್ತಿದ್ದೆ. ನಕಲಿ ನಂಬರಿಗೆ ವಿಳಾಸವಿಲ್ಲ, ಪತ್ರ ಹೋಗುವ ಮಾತಿಲ್ಲ. ಇದು ನಮ್ಮಿಬ್ಬರ ನಡುವಿನ ಹಾವು ಏಣಿ ಆಟದ ಹಾಗೆ ನಡೆದಿತ್ತು.

ಒಂದು ಮಧ್ಯಾಹ್ನ ಎರಡು ನಂಬರು ಬಂದವು. ಉದ್ದುದ್ದ ತುಂಡುಗಳು, ಕತ್ತರಿ ಗುರುತು ಬೆರಳೆಣಿಕೆಯಷ್ಟು, ಒಂದು ಚೂರೂ ಗಲೀಜಿಲ್ಲ. ಪ್ರೋಗ್ರಾಂ ಕಣ್ಣುಮುಚ್ಚಿ ಹೇಳಿತು: ಒಡಹುಟ್ಟಿದವರು. ನನಗೆ ನಗು ಬಂತು. ನಮ್ಮಲ್ಲಿಗೆ ಬರುವವರು ನೂರಾರು ವರ್ಷದ ಹಿಂದಿನ ನಂಟು ಹುಡುಕುವವರು. ಒಡಹುಟ್ಟಿದವರಿಗೆ ತಾವು ಒಡಹುಟ್ಟಿದವರೆಂದು ತಿಳಿಯಲು ನಮ್ಮ ಪ್ರೋಗ್ರಾಂ ಬೇಕೆ? "ನನ್ನನ್ನೇ ಹಳ್ಳಕ್ಕೆ ಬೀಳಿಸ್ತೀರಾ ಮೇಡಂ!" ಎಂದುಕೊಂಡು 'ಇಲ್ಲ' ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ 'ನಕಲಿ' ಎಂದು ಗೀಚಿದೆ.

ತಿಂಗಳ ಕೊನೆಯಲ್ಲಿ ಮೇಡಂ ತಮ್ಮ ಪಟ್ಟಿ ಹಿಡಿದು ಬಂದರು. ದನಿ ಎಂದಿನಂತಿರಲಿಲ್ಲ.

"ನಾನು ಹಾಕಿದ್ದು ಏಳು ಜೋಡಿ. ನೀನು ಎಂಟು ಹಿಡಿದಿದ್ದೀಯ."

ಹೆಚ್ಚಾಗಿದ್ದದ್ದು ಆ ಮಧ್ಯಾಹ್ನದ ಜೋಡಿ. ಫೈಲು ತೆಗೆದು ನೋಡಿದೆವು. ಒಬ್ಬಾಕೆ ಇಸ್ತ್ರಿ ಅಂಗಡಿಯವಳು, ಇನ್ನೊಬ್ಬ ಬಸ್ ರಿಪೇರಿ ಮಾಡುವವನು. ಚಿಕ್ಕಂದಿನಲ್ಲೇ ಬೇರೆ ಬೇರೆ ಅನಾಥಾಲಯದ ಪಾಲಾದವರು. ಆರು ತಿಂಗಳ ಹಿಂದೆ ಪರಿಚಯವಾಗಿ, ಅಕ್ಕ ತಮ್ಮ ಹೌದೋ ಅಲ್ಲವೋ ಖಚಿತ ಮಾಡಿಕೊಳ್ಳಲು ಬಂದಿದ್ದರು. ಅವರ ಎಂಜಲು ಅಪರೂಪಕ್ಕೆ ಚೊಕ್ಕವಾಗಿ ಬಂದಿತ್ತು, ಅಷ್ಟೇ. ಪತ್ರ ಬರೆಯುವ ಗುಮಾಸ್ತ ನನ್ನ ಗೀಚನ್ನು ನೋಡಿಯೇ ಇರಲಿಲ್ಲ. 'ನಿಮ್ಮಿಬ್ಬರಿಗೂ ಸಂಬಂಧವಿಲ್ಲ' ಎಂಬ ಪತ್ರ ಹೋಗಿ ಇಪ್ಪತ್ತು ದಿನವಾಗಿತ್ತು.

ಮೇಡಂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಿಕ್ಕಿದ್ದ ಎಂಜಲನ್ನು ಹೊಸದಾಗಿ ಓದಿಸಿ, ಮೂರು ಸಲ ಲೆಕ್ಕ ಹಾಕಿಸಿದರು. ಮೂರು ಸಲವೂ ಒಡಹುಟ್ಟಿದವರೇ. ಹೊಸ ಪತ್ರ ಹಿಡಿದು ಇಬ್ಬರೂ ಇಸ್ತ್ರಿ ಅಂಗಡಿಗೆ ಹೋದೆವು.

ಆಕೆಗೆ ಐವತ್ತರ ಆಸುಪಾಸು. ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತುತ್ತಲೇ ಎಲ್ಲ ಕೇಳಿಸಿಕೊಂಡಳು.

"ಮೊನ್ನೆ ಬಂದದ್ದಕ್ಕೂ ಇದೇ ಸೀಲು, ಇದೇ ಸಹಿ," ಎಂದಳು. "ನಾನು ಯಾವುದನ್ನ ನಂಬ್ಲಿ?"

"ತಪ್ಪು ನಮ್ಮದು," ಎಂದರು ಮೇಡಂ. "ಈ ಹುಡುಗಿಗೆ ಕಂಡದ್ದನ್ನೆಲ್ಲ ಅನುಮಾನಿಸೋದು ಕಲಿಸಿದೋಳು ನಾನು. ನಮ್ಮ ಮೇಲೆ ನಂಬಿಕೆ ಇಲ್ದಿದ್ರೆ ಬೇರೆ ಕಡೆ ಕೊಟ್ಟು ನೋಡಿ. ಆದ್ರೆ ಅವರು ನಿಮ್ಮ ಸ್ವಂತ ತಮ್ಮ."

ಆಕೆ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಆರು ತಿಂಗಳು ಅಕ್ಕಾ ಅಕ್ಕಾ ಅಂತ ಬರ್ತಿದ್ದ. ನನ್ನ ಕೈಯಲ್ಲೇ ಬಡಿಸಿಕೊಂಡು ತಿಂದ. ನಿಮ್ಮ ಕಾಗದ ಬಂದ ದಿನ ಅದೋ, ಆ ಬಾಗಿಲಲ್ಲಿ ನಿಂತು, 'ಯಾರೇ ನೀನು? ನನ್ನ ಮನೆ ಲಪಟಾಯಿಸೋಕೆ ಅಕ್ಕನ ವೇಷ ಹಾಕಿದ್ದೀಯಾ?' ಅಂದ. ಬೀದಿಗೆಲ್ಲ ಕೇಳಿಸ್ತು. ಈಗ ಇದನ್ನ ತೋರಿಸಿದ್ರೆ ಓಡಿ ಬರ್ತಾನೆ. ಮತ್ತೆ ಅಕ್ಕಾ ಅಂತಾನೆ. ಕಾಗದ ಹೇಳಿಸಿದ ಆ 'ಅಕ್ಕಾ'ನ ಇಟ್ಕೊಂಡು ನಾನು ಏನ್ ಮಾಡ್ಲಿ, ಹೇಳಮ್ಮ?"

ನನ್ನನ್ನೇ ಕೇಳಿದ್ದು. ನನಗೆ ಅಳು ಬಂತು.  ಮೇಡಂ ಹೊಸ ಪತ್ರವನ್ನು ಆಕೆಯ ಮುಂದಕ್ಕೆ ಚಾಚಿದರು.

ಆಕೆ ಅದನ್ನು ಮುಟ್ಟಲಿಲ್ಲ.

"ಅವನಿಗೇ ಕೊಡಿ. ಕಾಗದ ಬೇಕಾಗಿದ್ದದ್ದು ಅವನಿಗೆ," ಎಂದಳು. "ನಾನು ಅವನನ್ನ ನೋಡಿದ ದಿನಾನೇ ಗುರುತು ಹಿಡಿದಿದ್ದೆ."

ಆಮೇಲೆ ರಾಶಿಯಿಂದ ಇನ್ನೊಂದು ಅಂಗಿ ತೆಗೆದುಕೊಂಡಳು.