ಹದಿನೇಳು ಪ್ರಾಣಿಗಳ ನೆಲೆ

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸೊಲ್ಲಾಪುರದ ಮನೆಗೆ ಮರಳಿದ ಮೇಲೆ ಆ ಓದನ್ನು ಬಳಸಿ ನಾನು ಮಾಡಿದ ಕೆಲಸ ಒಂದೇ. ಇಲ್ಲದ ಗ್ರಹದ ಮೇಲಿನ ಇಲ್ಲದ ಹದಿನೇಳು ಪ್ರಾಣಿಗಳು ಎಲ್ಲೆಲ್ಲಿ ಬದುಕುತ್ತವೆ ಎಂದು ಕೋಷ್ಟಕ ಬರೆದೆ. ಎಪ್ಪತ್ತರ ದಶಕ ಮುಗಿಯುತ್ತಿತ್ತು. ನೌಕರಿಗೆ ಕಳಿಸಿದ ಅರ್ಜಿಗಳಿಗೆ ಉತ್ತರವಿರಲಿಲ್ಲ. ಈ ಕೋಷ್ಟಕವಾದರೂ ತಪ್ಪಿಲ್ಲದೆ ಹೊರಬರಬೇಕೆಂಬ ಹಟ ನನ್ನಲ್ಲಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಕೋಷ್ಟಕ ಬೇಕಾಗಿದ್ದುದು ನಮ್ಮ ಕಾಕಾನ ಮಗನ ಒಂದು ಆಟಕ್ಕೆ. ನನಗಿಂತ ಎರಡು ವರ್ಷ ದೊಡ್ಡವನು, ಅಣ್ಣ ಎಂದೇ ಕರೆಯುತ್ತಿದ್ದೆ. ಮನೆತನದ ಚಾದರ ಅಂಗಡಿ ನೋಡಿಕೊಳ್ಳುತ್ತಿದ್ದ. ಇಂಗ್ಲೆಂಡಿನ ಪತ್ರಮಿತ್ರನೊಬ್ಬ ಇಂಥ ಆಟದ ಬಗ್ಗೆ ಬರೆದದ್ದನ್ನು ಓದಿ, ತಾನೂ ಒಂದು ಕಟ್ಟಿದ್ದ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಆಕಾಶನೌಕೆಯ ಕಪ್ತಾನ, ವೈದ್ಯ, ಬೇಟೆಗಾರ ಆಗಿ, ತಾವೇನು ಮಾಡುತ್ತೇವೆಂದು ಹೇಳುತ್ತಾ ಹೋಗುತ್ತಾರೆ. ಬದುಕಿದರೋ ಸತ್ತರೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಆಡುವವರು ಅಕ್ಕಲಕೋಟೆಯಲ್ಲಿದ್ದ ಅವನ ಸೋದರಮಾವನ ಮೂವರು ಮಕ್ಕಳು.

ಕೋಷ್ಟಕಕ್ಕೆ ನಾನು ಮೂರು ವಾರ ತೆಗೆದುಕೊಂಡೆ. ಪ್ರತಿ ಪ್ರಾಣಿ ಏನು ತಿನ್ನುತ್ತದೆ, ನೀರು ಎಷ್ಟು ಬೇಕು, ಮರಿಗಳನ್ನು ಎಲ್ಲಿಡುತ್ತದೆ ಎಂಬುದರ ಮೇಲೆ ನೆಲೆ ಗೊತ್ತುಮಾಡಿದ್ದೆ. ಆರು ಕಾಲಿನ ಒಂದು ಪ್ರಾಣಿ ಮಳೆಗಾಲದಲ್ಲಿ ಕೆರೆಯಲ್ಲಿರುತ್ತಿತ್ತು, ಚಳಿಯಲ್ಲಿ ಕಲ್ಲುಗುಡ್ಡದಲ್ಲಿ, ಬೇಸಿಗೆಯಲ್ಲಿ ಎರೆಮಣ್ಣಿನ ಬಿರುಕಿನೊಳಗೆ. ಕರಜಗಿಯಲ್ಲಿ ನಮ್ಮ ಮಾಮಾನ ಹೊಲದ ಬಿರುಕುಗಳಲ್ಲಿ ಕಪ್ಪೆಗಳು ಅವಿತಿರುವುದನ್ನು ಕಂಡು ಅದನ್ನು ಯೋಚಿಸಿದ್ದೆ.

ಸ್ಟೆನ್ಸಿಲ್ ಹಾಳೆಯ ಮೇಲೆ ಕೊರೆದು, ಶಾಯಿಯ ರೋಲರ್ ಉರುಳಿಸಿ ಪ್ರತಿ ತೆಗೆಯುವ ಕೆಲಸ ಅಣ್ಣನದು. ಅಂಗಡಿಯ ದರಪಟ್ಟಿಗಳನ್ನು ಅವನೇ ಹಾಗೆ ತೆಗೆಯುತ್ತಿದ್ದ. ಪ್ರತಿ ಕೈಗೆ ಬಂದಾಗ ನೋಡಿದರೆ ಕೋಷ್ಟಕವೇ ಬದಲಾಗಿತ್ತು. ಒಂದು ಪ್ರಾಣಿಗೆ ಒಂದೇ ಜಾಗ ಕೊಟ್ಟಿದ್ದ. ಎರಡು ಮೂರು ಕಡೆ ಬದುಕುವ ಹನ್ನೊಂದು ಪ್ರಾಣಿಗಳನ್ನು ಕೊನೆಯಲ್ಲಿ ಒಟ್ಟುಗೂಡಿಸಿ, ಮೇಲೆ ಮರಾಠಿಯಲ್ಲಿ ‘ಫುಟ್ಕಳ’ ಎಂದು ಬರೆದಿದ್ದ. ಯಾವ ಕಪಾಟಿಗೂ ಸೇರದ ಚಿಲ್ಲರೆ ಮಾಲಿಗೆ ಅಂಗಡಿಯಲ್ಲಿ ಹೇಳುವ ಮಾತು ಅದು.

“ಇದೇನಣ್ಣಾ ಇದು?”

“ಒಂದು ಮಾಲಿಗೆ ಕಪಾಟಿನಾಗ ಒಂದ ಖಣ. ಮೂರು ಖಣದಾಗ ಇಟ್ಟ್ರ ಗಿರಾಕಿ ಬಂದಾಗ ಎಲ್ಲಿ ಹುಡಕೂದು?”

“ಇದು ಚಾದರ ಅಲ್ಲ. ಇದಕ್ಕ ಕಾಲು ಅದಾವು, ತಿರಗತದ.”

“ತಿರಗೂದು ಬಿಡಸು. ನೀನ ಹುಟ್ಟಸೀದಿ, ನಿನ್ನ ಮಾತ ಕೇಳೂದಿಲ್ಲೇನು?”

ಇದಕ್ಕಾಗಿ ಇನ್ನೊಂದು ಸ್ಟೆನ್ಸಿಲ್ ಹಾಳು ಮಾಡುವುದಿಲ್ಲ ಎಂದು ಹೇಳಿ ಅವನು ಹೊರಟೇಹೋದ.

ಆ ಭಾನುವಾರ ಅಣ್ಣನ ತಾಯಿ, ನಮ್ಮ ಕಾಕೂ, ಅಕ್ಕಲಕೋಟೆಯ ತನ್ನ ತವರಿಗೆ ಹೊರಟಿದ್ದಳು. ನಾವಿಬ್ಬರೂ ಜೊತೆಗೆ ಹೋದೆವು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಆಟ ಶುರುವಾಯಿತು. ನಾನು ಬಾಗಿಲ ಹತ್ತಿರ ಕೂತಿದ್ದೆ. ಅರ್ಧ ಗಂಟೆಯಲ್ಲಿ ಕಪ್ತಾನನಿಗೆ ವಿಷವೇರಿತು. ಆ ಆರು ಕಾಲಿನ ಪ್ರಾಣಿಯ ಪಿತ್ತವೇ ಔಷಧಿ. ಬೇಟೆಗಾರನಾಗಿದ್ದ ಹಿರಿಯ ಮಗ ಕೋಷ್ಟಕ ಬಿಚ್ಚಿದ.

“ಫುಟ್ಕಳ ಅಂತ ಬರದದ. ಎಲ್ಲಿ ಬರ್ತದೋ ಈ ಊರು? ದುಧನಿ ದಾಟಿ ಹೋಗಬೇಕೇನು?”

“ಎಸ್.ಟಿ. ಬಸ್ಸು ನಿಂದರತದೋ ಇಲ್ಲೋ ಅಲ್ಲಿ?” ಎಂದು ಕಿರಿಯವನು ಸೇರಿಸಿದ. ಎಲ್ಲರೂ ನಕ್ಕರು. ಅಣ್ಣನ ಮುಖ ಕೆಂಪಾಯಿತು.

“ಏ ಶಾಣ್ಯಾಕಿ, ಆ ಪ್ರಾಣಿ ಎಲ್ಲಿರತದ ಹೇಳಿಬಿಡು.”

“ಅಲ್ಲಿ ಈಗ ಮಳಿಗಾಲೋ ಬ್ಯಾಸಗಿಯೋ?”

“ಅದನ್ನ ನಾ ಇನ್ನಾ ಠರಾಸಿಲ್ಲ.”

“ಹಂಗಾರ ನಾ ಹ್ಯಾಂಗ ಹೇಳ್ಲಿ?”

“ನಿನ್ನ ಗೋಡೌನಿನಾಗ ಮಳಿ ಬ್ಯಾಸಗಿ ಒಂದೂ ಇಲ್ಲೇನಲೇ?” ಎಂದ ಬೇಟೆಗಾರ.

ಅಷ್ಟರಲ್ಲಿ ಕಪ್ತಾನ ಸಾಯಲು ಮೂರೇ ದಾಳ ಉಳಿದಿದ್ದವು. ಅಣ್ಣ ನನ್ನತ್ತ ನೋಡಿದ. ಬಿರುಕಿನೊಳಗೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ಕೋಷ್ಟಕ ಇದ್ದಂತೆಯೇ ಇರುತ್ತಿತ್ತು.

“ಹೊಸಾ ಸ್ಟೆನ್ಸಿಲ್ ಕೊಡು. ಬರ್ಯಾಕಿ ನಾ. ಯಾವ ಕಾಲದಾಗ ಎಲ್ಲಿ ಅಂತ ಒಂದೊಂದು ಖಾನೆ ಇರಬೇಕು. ಅಲ್ಲೀತನಕ ನಾ ಹೇಳಂಗಿಲ್ಲ.”

“ಮಂದಿ ಸಾಯಾಕತ್ತಾರ, ಈಕಿ ನೋಡು!” ಎಂದು ಅಣ್ಣ ಒದರಿದ.

ಒಳಗಿನಿಂದ ಕಾಕೂ ಕೂಗಿದಳು: “ಯಾರೋ ಸಾಯಾಕತ್ತಾರ?”

“ಯಾರೂ ಇಲ್ಲ, ಆಯಿ!” ಎಂದು ಕೂಗಿ, ಅಣ್ಣ ದಾಳಗಳನ್ನು ಡಬ್ಬಿಗೆ ಸುರಿದ. “ಆತು ತಗೋ. ನೀನ ಬರಿ.”

ಮರುದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಸ್ಟೆನ್ಸಿಲ್ ಕೊರೆದೆ. ಒಂದೊಂದು ಗೆರೆಗೂ ಅಣ್ಣ ಬಂದು ಇಷ್ಟೊಂದು ಖಾನೆ ಯಾಕೆಂದು ಕೇಳುತ್ತಿದ್ದ. ಎರಡು ಸಲ ಉತ್ತರ ಕೊಟ್ಟೆ. ಮೂರನೆಯ ಸಲ ಬಾಗಿಲು ಹಾಕಿಕೊಂಡೆ. ಸಂಜೆ ಅವನೇ ಗೊಣಗುತ್ತಾ ರೋಲರ್ ಉರುಳಿಸಿ ಪ್ರತಿ ತೆಗೆದ.

ಮುಂದಿನ ಭಾನುವಾರ ಅವನೊಬ್ಬನೇ ಅಕ್ಕಲಕೋಟೆಗೆ ಹೋಗಿಬಂದ. ಗ್ರಹದಲ್ಲಿ ಬೇಸಿಗೆ ಎಂದು ಠರಾಯಿಸಿದ್ದನಂತೆ. ಬೇಟೆಗಾರ ಬಿರುಕು ಅಗೆದು ಒಂದೇ ದಾಳಕ್ಕೆ ಪ್ರಾಣಿಯನ್ನು ಕೊಂದನಂತೆ, ಕಪ್ತಾನ ಉಳಿದನಂತೆ. ಉಳಿದ ಹದಿನಾರನ್ನು ಯಾರಾದರೂ ಓದಿದರೇ ಎಂದು ಕೇಳಿದೆ.

“ಯಾರಿಗದ ಅಷ್ಟ ಪುರಸೊತ್ತು?” ಎಂದ.

ನಾನು ನನ್ನ ಪ್ರತಿಯನ್ನು ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಮತ್ತೊಮ್ಮೆ ಓದಿದೆ. ತಪ್ಪು ಸಿಗಲಿಲ್ಲ.