ತಿಮ್ಮಕ್ಕನ ಮನೆಯ ಅರ್ಜಿಗಳು

ಮಗ ಶಾಸಕನಾದದ್ದು ಅರೆಕೆರೆಯ ತಿಮ್ಮಕ್ಕನಿಗೆ ಅರ್ಥವಾಗಿತ್ತು. ಅದನ್ನು ಬಿಟ್ಟು ಮಿಲಿಟರಿಗೆ ಸೇರಿದ್ದು ಮಾತ್ರ ತಲೆಗೆ ಹತ್ತಲಿಲ್ಲ.

ಸಿದ್ಧಾರ್ಥ ಡಾಕ್ಟರಿಕೆ ಓದಿದವನು. ಅಪ್ಪ ಸಂಜೀವಯ್ಯ ಬಸ್ ಕಂಡಕ್ಟರಾಗಿದ್ದವರು, ಮಗನ ಓದು ಮುಗಿಯುವುದರೊಳಗೆ ತೀರಿಕೊಂಡರು. ಕೊರೋನಾ ಕಾಲದಲ್ಲಿ ಅವನು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿದ. ಆ ಹೆಸರಿನ ಮೇಲೆ ಪಕ್ಷದವರು ಟಿಕೆಟ್ ಕೊಟ್ಟರು, ಇಪ್ಪತ್ತೇಳನೇ ವಯಸ್ಸಿಗೇ ಗೆದ್ದ.

ಅಂದಿನಿಂದ ಬೆಳಗ್ಗೆ ಏಳಕ್ಕೆ ಗೇಟಿನಲ್ಲಿ ಜನ. ತಿಮ್ಮಕ್ಕ ಎಲ್ಲರಿಗೂ ಕಾಫಿ ಕೊಡುತ್ತಿದ್ದಳು, ಅವನು ಪ್ರತಿ ಅರ್ಜಿಯ ಮೂಲೆಯಲ್ಲೂ ‘ಸೂಕ್ತ ಕ್ರಮ ಕೈಗೊಳ್ಳಿ’ ಎಂದು ಗೀಚಿ ರುಜು ಹಾಕುತ್ತಿದ್ದ. ಅವಳಿಗೆ ಓದು ಬಾರದಿದ್ದರೂ ಮಗನ ರುಜುವಿನ ಆಕಾರ ಚೆನ್ನಾಗಿ ಗೊತ್ತಿತ್ತು.

ಹಿಂದಿನ ಬೀದಿಯ ಚಿನ್ನಪ್ಪನ ಮನೆ ಮುಂದೆ ಮೋರಿಯ ಚಪ್ಪಡಿ ಒಡೆದಿತ್ತು. ಅದಕ್ಕಾಗಿ ಅವನು ಒಂದೇ ಕಾಗದ ಹಿಡಿದು ಐದು ಸಲ ಬಂದ. ಐದನೆಯ ಸಲ ರುಜು ಹಾಕಲು ಜಾಗ ಹುಡುಕುತ್ತ ಸಿದ್ಧಾರ್ಥ ಪೆನ್ನು ಹಿಡಿದೇ ಕೂತುಬಿಟ್ಟ. ಕಾಫಿ ಕೆನೆಗಟ್ಟಿತು. ಅದಾಗಿ ತಿಂಗಳಿಗೆ ರಾಜೀನಾಮೆ.

ಯಾಕೆ ಅಂತ ತಾಯಿ ಕೇಳಿದ್ದಕ್ಕೆ ಮಿಲಿಟರಿ ಆಸ್ಪತ್ರೆಗೆ ಡಾಕ್ಟರ್ ಬೇಕಂತೆ ಅಂದ, ಅಷ್ಟೇ. ಪಕ್ಷದವರೇ ಓಡಿಸಿದರು ಎಂದರು ಕೆಲವರು. ಯಾವುದೋ ಹುಡುಗಿ ಕೈಕೊಟ್ಟಿರಬೇಕು ಎಂದಳು ಪಕ್ಕದ ಮನೆಯ ಲತಾಮಣಿ. ತಿಮ್ಮಕ್ಕನಿಗಿದ್ದ ಹೆದರಿಕೆ ಬೇರೆ. ಊರ ಜನರ ಮೇಲೆ, ತನ್ನ ಮೇಲೆ ಬೇಸರ ಬಂದು ಹೋದನೋ ಏನೋ.

ಉಪಚುನಾವಣೆಯ ದಿನ ಅವಳು ಮಿಷನ್ನಿನ ಮುಂದೆ ನಿಂತು ಮಗನ ಫೋಟೋ ಹುಡುಕಿದಳು. ಮೇಲಿಂದ ಕೆಳಗೆ ನೋಡಿದಳು, ಮತ್ತೆ ನೋಡಿದಳು. “ಆಯ್ತೇನಮ್ಮ?” ಎಂದು ಹೊರಗಿನಿಂದ ಕೂಗಿದಾಗ ಯಾವುದನ್ನೋ ಒತ್ತಿ ಬಂದಳು.

ಹೊಸ ಶಾಸಕರು ಬಂದರೂ ಗೇಟಿನ ಜನ ನಿಲ್ಲಲಿಲ್ಲ. ಗೇಟಿನ ಮೇಲೆ ಶಾಸಕರೆಂದು ಮಗನ ಹೆಸರು ಬರೆಸಿದ್ದ ಬೋರ್ಡು ತೆಗೆದಿರಲಿಲ್ಲ, ಕಾಫಿಯೂ ನಿಂತಿರಲಿಲ್ಲ. ಬಂದವರಿಗೆ ತಿಮ್ಮಕ್ಕ, ಮಗ ರಜಾಕ್ಕೆ ಬಂದಾಗ ರುಜು ಹಾಕಿಕೊಡ್ತಾನೆ ಎಂದು ಹೇಳಿ ಅರ್ಜಿಗಳನ್ನು ಖಾಲಿ ಅಕ್ಕಿ ಡ್ರಮ್ಮಿನಲ್ಲಿ ತುಂಬುತ್ತ ಹೋದಳು.

ಎಂಟು ತಿಂಗಳಿಗೆ ಮಗ ಬಂದ. ತಲೆಗೂದಲು ಮೋಟಾಗಿತ್ತು. ಅವನು ಸ್ನಾನ ಮಾಡಿ ಬರುವುದರೊಳಗೆ ಅವಳು ಡ್ರಮ್ಮನ್ನು ನಡುಮನೆಗೆ ಎಳೆದು, ಮೇಲೊಂದು ಪೆನ್ನು ಇಟ್ಟಿದ್ದಳು. ಅವನು ಮುಚ್ಚಳ ತೆಗೆದು ನೋಡಿದ.

“ಅಮ್ಮಾ, ನನ್ ಸೈನ್‌ಗೆ ಈಗ ಬೆಲೆ ಇಲ್ಲ.”

“ಮತ್ತೆ ಇವ್ರಿಗೆಲ್ಲ ಏನ್ ಹೇಳ್ಲಿ? ನಾನ್ ಮಾತು ಕೊಟ್ಟಿದೀನಿ.”

ಅಷ್ಟರಲ್ಲಿ ಚಿನ್ನಪ್ಪ ಕುಂಟುತ್ತ ಬಂದ. ಕೈಯಲ್ಲಿ ಅದೇ ಕಾಗದ, ಮೊಣಕಾಲ ಕೆಳಗೆ ಹಳೇ ಪಂಚೆಯ ಕಟ್ಟು. ಸಿದ್ಧಾರ್ಥ ಕಾಗದ ಮುಟ್ಟಲಿಲ್ಲ. ನೆಲಕ್ಕೆ ಕೂತು ಕಟ್ಟು ಬಿಚ್ಚಿದ. ಗಾಯ ಕಪ್ಪಗೆ ಕೀವುಗಟ್ಟಿತ್ತು. ಯಾವತ್ತಿಂದ ಎಂದು ಕೇಳಿದ. ಮೊದಲನೇ ಸಲ ಬಂದೆನಲ್ಲ ಅವತ್ತಿನಿಂದ, ಆ ಮೋರಿಗೇ ಬಿದ್ದದ್ದು, ವಾಸಿಯಾಗುತ್ತೆ ಮತ್ತೆ ಬಿಟ್ಟುಕೊಳ್ಳುತ್ತೆ ಎಂದ ಚಿನ್ನಪ್ಪ.

“ಐದು ಸಲ ಇಲ್ಲೇ ಕೂತಿದ್ರಿ. ಐದು ಸಲಾನೂ ನಾನು ಬರೀ ಪೇಪರ್ ನೋಡ್ದೆ,” ಎಂದ ಸಿದ್ಧಾರ್ಥ. ತಿಮ್ಮಕ್ಕ ಬಿಸಿನೀರು ತಂದು ಪಕ್ಕದಲ್ಲಿಟ್ಟಳು.

“ಅದಕ್ಕೇ ಎಮ್ಮೆಲ್ಲೆ ಕೆಲ್ಸ ಬಿಟ್ಯಾ?”

“ಸರಿಯಾಗ್ ಗೊತ್ತಿಲ್ಲಮ್ಮ. ಅದೂ ಇರ್ಬೋದು.”

“ಅಲ್ಲಿ ಮಿಲಿಟ್ರೀಲಿ ರುಜು ಹಾಕೋದಿಲ್ವಾ?”

“ಹಾಕ್ಬೇಕು. ಕಾಲು ನೋಡಿದ್ಮೇಲೆ.”

ತನ್ನ ಮೇಲಿನ ಬೇಸರವಲ್ಲ ಎಂಬಷ್ಟು ತಿಮ್ಮಕ್ಕನಿಗೆ ತಿಳಿಯಿತು. ಆದರೆ ಕಾಲು ನೋಡಲು ಅಷ್ಟು ದೂರ ಯಾಕೆ ಹೋಗಬೇಕು? ಕಾಲು ಇಲ್ಲೇ ಇತ್ತಲ್ಲ. ಕೇಳಬೇಕೆಂದುಕೊಂಡಳು. ಅವನು ತಲೆ ಬಗ್ಗಿಸಿ ಗಾಯ ತೊಳೆಯುತ್ತಿದ್ದ, ಅವಳು ಕಟ್ಟಲು ಒಗೆದ ಬಟ್ಟೆ ಹರಿದುಕೊಟ್ಟಳು.

ಹೊಸ ಕಟ್ಟು ನೋಡಿಕೊಂಡು ಚಿನ್ನಪ್ಪ ಎದ್ದ. “ಕಾಲು ಸಖತ್ತಾಗಾಯ್ತು ಸಾರ್. ಹಂಗೇ ಚಪ್ಪಡೀಗೂ ಒಂದ್ ಸೈನ್ ಹಾಕ್ಬಿಡಿ.”

ಸಿದ್ಧಾರ್ಥ ತಾಯಿಯ ಮುಖ ನೋಡಿದ. ತಿಮ್ಮಕ್ಕ ಚಿನ್ನಪ್ಪನ ಕೈಯಿಂದ ಕಾಗದ ತೆಗೆದುಕೊಂಡಳು. ಡ್ರಮ್ಮಿಗೆ ಹಾಕಲು ಹೋದವಳು ಹಾಕದೆ, ಹಿಡಿದುಕೊಂಡೇ ಕಾಫಿಗೆ ಹಾಲಿಟ್ಟಳು.