ಪುಂಡಿಸೊಪ್ಪಿನ ಮೇಲಿನ ಒಂದು ಹಿಡಿ

"ಕೊಸರು ಬೇಡಮ್ಮ" ಎಂದು ಆ ಒಂದು ಹಿಡಿ ಪುಂಡಿಸೊಪ್ಪನ್ನು ಹನುಮಕ್ಕನ ಬುಟ್ಟಿಗೇ ವಾಪಸ್ ಹಾಕಿದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಚನ್ನಗಿರಿಯಲ್ಲಿ ನಾನು ಅರ್ಥಶಾಸ್ತ್ರದ ಹೊಸ ಮೇಷ್ಟ್ರು. ಅರ್ಥ ಕ್ಲಾಸಿನಲ್ಲಿ, ಅನರ್ಥ ಮನೆಯಲ್ಲಿ...

ಸೂಳೆಕೆರೆ ಕಡೆಯ ತನ್ನ ಹೊಲದ ಸೊಪ್ಪನ್ನು ಹನುಮಕ್ಕ ಮೊದಲ ಬಸ್ಸಿಗೆ ತಂದು ನಮ್ಮ ಬೀದಿಯಲ್ಲಿ ಮಾರುತ್ತಿದ್ದಳು. ಕೊಂಡ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುವಳು, ಅದೇ ಕೊಸರು. ರೈತರಿಂದ ಪುಕ್ಕಟೆ ಪಡೆಯುವುದು ಶೋಷಣೆ ಎಂದು ನಾನು ಹಿಂದಿನ ದಿನವಷ್ಟೇ ಪಾಠ ಮಾಡಿದ್ದೆ.

ಅವಳು ಸಿಂಬೆ ಸರಿಮಾಡಿಕೊಂಡು ಬುಟ್ಟಿ ಹೊತ್ತು ಹೋದಳು.

ಮರುದಿನ ನಮ್ಮ ಬಾಗಿಲು ದಾಟಿ ಎದುರು ಮನೆಗೆ ಹೋದಳು. ಅದರ ಮರುದಿನವೂ.

ಬೇರೆ ಸಮಯವಾಗಿದ್ದರೆ ಸುಮ್ಮನಾಗುತ್ತಿದ್ದೆ. ಆದರೆ ಹೆಂಡತಿಗೆ ಆಗ ಮೂರು ತಿಂಗಳು. ಹೊಟ್ಟೆಯಲ್ಲಿ ನಿಲ್ಲುತ್ತಿದ್ದುದು ಎರಡೇ: ಒಂದು ಮಗು, ಇನ್ನೊಂದು ಹನುಮಕ್ಕನ ಪುಂಡಿಪಲ್ಯ. ಅಂಗಡಿಯ ಬಾಡಿದ ಸೊಪ್ಪು ತಂದೆ. ವಾಸನೆಗೇ ಬಚ್ಚಲಿಗೆ ಓಡಿದಳು.

ಮನೆ ಮಾಲೀಕರಾದ ಗೌರಮ್ಮನವರು ಕಥೆ ಕೇಳಿ ಹಣೆ ಚಚ್ಚಿಕೊಂಡರು.

"ಕೊಸರು ಬ್ಯಾಡ ಅಂದ್ರೆ ನಾಳಿಂದ ನೀನೇ ಬರಬ್ಯಾಡ ಅಂದಂಗೆ ಕಣಪ್ಪ! ಇಷ್ಟು ಓದೀಯ, ಇದು ಗೊತ್ತಿಲ್ಲೇನು?"

ಸಿಲಬಸ್‌ನಲ್ಲಿ ಇರಲಿಲ್ಲ, ಗೌರಮ್ಮ.

ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ. ಹನುಮಕ್ಕ ಇಳಿಯುತ್ತಾಳೆ. ಎರಡು ಕಟ್ಟು ಕೇಳಿದರೆ ಸರಿಯಾಗಿ ಎರಡೇ ಕಟ್ಟು ಕೊಟ್ಟು, ಬುಟ್ಟಿಗೆ ಬಟ್ಟೆ ಮುಚ್ಚುತ್ತಾಳೆ.

ನಾನು ಕದಲುವುದಿಲ್ಲ. ಚೀಲದ ಬಾಯಿ ತೆರೆದೇ ಹಿಡಿದಿದ್ದೇನೆ. ಸುತ್ತ ನನ್ನದೇ ವಿದ್ಯಾರ್ಥಿಗಳು.

"ಕೊಸರು?" ಎಂದೆ.

"ಅಯ್, ಬಾಯಿ ಬಂತೇನ್ರೀ ಮೇಷ್ಟ್ರೇ? ಮೊನ್ನೆ ಬ್ಯಾಡಾಗಿತ್ತು?"

"ತಪ್ಪಾಯ್ತು, ಹನುಮಕ್ಕ. ಹಾಕು."

ಒಂದು ಹಿಡಿ ಬಿತ್ತು. ಚೀಲ ಮುಚ್ಚಲಿಲ್ಲ. "ಇಷ್ಟೇನಾ? ಮನೇಲಿ ಇಬ್ಬರಿಗೆ ಬೇಕು, ಒಬ್ಬರು ಇನ್ನೂ ಹುಟ್ಟಿಲ್ಲ" ಎಂದೆ.

ಬಟ್ಟೆ ಪೂರ್ತಿ ಸರಿಯಿತು. "ಮೊದ್ಲೇ ಹೇಳಾಕೆ ಏನಾಗಿತ್ರೀ ನಿಮಗೆ! ನಾಳೆ ಎಳೇದು ತರ್ತೀನಿ, ಬಾಗಿಲು ತೆಗೆದಿಟ್ಟಿರ‍್ರಿ" ಎಂದು ಎರಡು ಕೈಯಲ್ಲೂ ತುಂಬಿದಳು.

ಅಂದು ಹೆಂಡತಿ ಎರಡು ರೊಟ್ಟಿ ತಿಂದಳು. ನಿಂತವು.

ಈಗ ಅಂಗಡಿಯಲ್ಲಿ ಮಷಿನ್ ಗ್ರಾಂ ಸಮೇತ ತೂಗುತ್ತದೆ. ಆದರೂ ತೂಗಿಸಿದ ಮೇಲೆ ಒಂದು ಕ್ಷಣ ಚೀಲ ತೆರೆದೇ ಹಿಡಿದಿರುತ್ತೇನೆ... ನೀವೂ ಹಿಡಿಯುತ್ತೀರಾ?